ಪುಟ್ಟಿಗೆ ದೊಡ್ಡಮ್ಮನ ಮಾತು: ಕೆಲಸ ಒಪ್ಪಿಕೊಳ್ಳುವಾಗಲೇ ದಿನಾಂಕ ಹೇಳು

ಪುಟ್ಟಿ, ದೊಡ್ಡಮ್ಮ ಮಾತನಾಡುತ್ತಿದ್ದೇನೆ. ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದನ್ನು ಬೆಳಿಗ್ಗೆ ಓದಿದೆ. ಮೈಸೂರಿನ ಕಚೇರಿಯಿಂದ ಮಂಡ್ಯದ ಮನೆ ಸೇರುವಷ್ಟರಲ್ಲಿ ಒಂಬತ್ತು ಗಂಟೆ, ದಿನವಿಡೀ ಕುರ್ಚಿ ಬಿಟ್ಟು ಎದ್ದಿಲ್ಲ, ಆದರೂ ಮುಗಿಸಬೇಕೆಂದುಕೊಂಡ ಒಂದು ಕೆಲಸವೂ ಮುಗಿಯಲಿಲ್ಲ, ಈ ಲೆಕ್ಕಪತ್ರದ ಉದ್ಯೋಗ ನನ್ನ ಕೈಲಾಗುವುದಿಲ್ಲವೇನೋ ಎಂದು ಬರೆದಿದ್ದೆ. ಆ ಕೊನೆಯ ಮಾತು ನನಗೆ ಸಹಿಸಲಾಗಲಿಲ್ಲ. ಅಕ್ಷರ ಒತ್ತುತ್ತಾ ಕುಳಿತರೆ ಮಧ್ಯಾಹ್ನವಾಗಿಬಿಡುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಸಂಜೆ ರೈಲಿನಲ್ಲಿ ಸೀಟು ಸಿಕ್ಕಿದ ಮೇಲೆ ಸಾವಧಾನವಾಗಿ ಕೇಳು.

ನಿನ್ನ ಚಿಕ್ಕಪ್ಪ ಬೆಳಗಿನ ನಾಲ್ಕಕ್ಕೆ ಏಳು ಎಂದಿದ್ದಾರೆ, ವಿಶ್ವೇಶ್ವರಯ್ಯನವರಿಗೂ ಇದ್ದದ್ದು 24 ಗಂಟೆಯೇ ಎಂದೂ ಸೇರಿಸಿದ್ದಾರೆ. ಮಂಡ್ಯದ ಕಡೆಯ ಎಷ್ಟೋ ಮನೆಗಳಲ್ಲಿ ಆ ಮಹನೀಯರ ಭಾವಚಿತ್ರ ದೇವರ ಪಟಗಳ ಸಾಲಿನಲ್ಲಿ ಇರುತ್ತದೆ, ನಮ್ಮಲ್ಲೂ ಇದೆ. ಆದರೆ ಅವರ ಹೆಸರು ಹೇಳಿ ನಿನ್ನ ನಿದ್ದೆ ಕಸಿಯುವುದನ್ನು ನಾನು ಒಪ್ಪುವುದಿಲ್ಲ. ಅವರ ಹೆಸರಿನ ಜೊತೆ ನಾವೆಲ್ಲ ನೆನೆಯುವ ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟಿನ, ಕೆಲಸ ಶುರುವಾದದ್ದು 1911ರಲ್ಲಿ. ಅವರು 1912ರಲ್ಲಿ ದಿವಾನರಾಗಿ 1918ರಲ್ಲಿ ಆ ಹುದ್ದೆ ಬಿಟ್ಟರು. ಕಟ್ಟೆ ಪೂರ್ತಿಯಾಗುವಾಗ 1930ರ ದಶಕ ಬಂದಿತ್ತು. ಒಬ್ಬರು ಕೈಬಿಟ್ಟ ಕಡೆಯಿಂದ ಇನ್ನೊಬ್ಬರು ಹಿಡಿದು ಮುಂದುವರಿಸುವಂತೆ ನಕ್ಷೆ, ಅಂದಾಜು, ಹಂತಗಳು ಕಾಗದದ ಮೇಲೆ ಇದ್ದದ್ದರಿಂದ ಅದು ಎದ್ದು ನಿಂತಿತು. ಹನ್ನೊಂದೂವರೆಗೆ ಮಲಗುವವಳು ನಾಲ್ಕಕ್ಕೆ ಎದ್ದು ಲೆಕ್ಕ ಬರೆದರೆ, ಆ ತಪ್ಪುಗಳನ್ನು ತಿದ್ದಲು ಮರುದಿನದ ಅರ್ಧ ಹೊತ್ತು ಬೇಕಾಗುತ್ತದೆ.

ನಿನಗೆ ಹೊತ್ತು ಸಾಲದೇ ಇರುವುದಕ್ಕೆ ಕಾರಣ ನೀನು ಕೆಲಸ ಮಾಡುವ ರೀತಿಯಲ್ಲಿ ಇದ್ದಂತೆ ನನಗೆ ಕಾಣಲಿಲ್ಲ. ನೀನು ಕೆಲಸ ಒಪ್ಪಿಕೊಳ್ಳುವ ರೀತಿಯಲ್ಲಿ ಇದೆ. ಹಿಂದಿನ ಸಲ ನಮ್ಮ ಮನೆಗೆ ಬಂದಾಗ ಊಟಕ್ಕೆ ಕುಳಿತಿದ್ದೆ, ತಟ್ಟೆಯಲ್ಲಿ ಮುದ್ದೆ ಆರುತ್ತಿತ್ತು, ಫೋನು ಬರುತ್ತಲೇ ಇತ್ತು. ಒಬ್ಬರಿಗೆ ಬಾಕಿದಾರರ ಪಟ್ಟಿ ಬೇಕು, ಇನ್ನೊಬ್ಬರಿಗೆ ಯಾವುದೋ ಹಳೆಯ ಬಿಲ್ಲಿನ ಪ್ರತಿ ಬೇಕು, ಮತ್ತೊಬ್ಬರಿಗೆ ಸಭೆಗೆ ಅಂಕಿ ಅಂಶ ಬೇಕು. ಎಲ್ಲರಿಗೂ ನಿನ್ನದು ಒಂದೇ ಉತ್ತರ, "ಆಯಿತು ಸರ್, ಮಾಡಿಕೊಡುತ್ತೇನೆ." ಯಾವಾಗ ಬೇಕು ಎಂದು ನೀನು ಕೇಳಲಿಲ್ಲ, ಯಾವಾಗ ಕೊಡುತ್ತೇನೆ ಎಂದೂ ಹೇಳಲಿಲ್ಲ. ಹಾಗೆ ದಿನಾಂಕವಿಲ್ಲದೆ ಒಪ್ಪಿಕೊಂಡ ಕೆಲಸಗಳೆಲ್ಲ ಇವತ್ತಿನ ಲೆಕ್ಕಕ್ಕೇ ಬಂದು ಬೀಳುತ್ತವೆ. ಕೇಳಿದವರು ಇವತ್ತೇ ಸಿಗುತ್ತದೆ ಎಂದು ಕಾಯುತ್ತಾರೆ, ನೀನೂ ಇವತ್ತೇ ಆಗಬೇಕಿತ್ತು ಎಂದು ಕೊರಗುತ್ತೀಯೆ.

ನಾನು ತಾಲ್ಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ ಶಿರಸ್ತೇದಾರ್ ಆಗಿ ನಿವೃತ್ತಳಾದವಳು. ಸರ್ಕಾರಿ ಕಚೇರಿ ಎಂದರೆ ನಿಧಾನ ಎಂದು ನೀವೆಲ್ಲ ಆಡಿಕೊಳ್ಳುತ್ತೀರಿ, ಆಡಿಕೊಳ್ಳಿ. ಆದರೆ ಅಲ್ಲಿನ ಟಪಾಲು ಪದ್ಧತಿಯಲ್ಲಿ ನಿನ್ನ ತೊಂದರೆಗೆ ಮದ್ದು ಇದೆ. ಬೆಳಿಗ್ಗೆ ಅಂಚೆ ಬಂದರೆ ಗುಮಾಸ್ತರು ಲಕೋಟೆ ಒಡೆದು, ಪ್ರತಿ ಕಾಗದದ ಮೇಲೂ ಕಚೇರಿಯ ಮೊಹರು ಒತ್ತಿ, ದಿನಾಂಕ ಹಾಕಿ, ದಪ್ಪ ರಟ್ಟಿನ ವಹಿಯಲ್ಲಿ ಕ್ರಮಸಂಖ್ಯೆ ಕೊಟ್ಟು ಏರಿಸುತ್ತಿದ್ದರು. ಯಾರಿಂದ ಬಂತು, ವಿಷಯವೇನು, ಯಾವ ವಿಷಯ ನಿರ್ವಾಹಕರಿಗೆ ಹೋಯಿತು, ಯಾವಾಗ ವಿಲೇವಾರಿ ಆಯಿತು, ಒಂದೊಂದಕ್ಕೂ ಒಂದು ಕಲಂ. ಆ ವಹಿಗೆ ಏರದೆ ಯಾವ ಕಾಗದವೂ ಮೇಜಿಗೆ ಬರುವಂತಿರಲಿಲ್ಲ. ತಿಂಗಳ ಕೊನೆಗೆ ಬಾಕಿ ಪಟ್ಟಿ ತೆಗೆದರೆ ಯಾರ ಹತ್ತಿರ ಎಷ್ಟು ಕಡತ ನಿಂತಿದೆ ಎಂಬುದು ಕಣ್ಣಿಗೆ ಕಟ್ಟುತ್ತಿತ್ತು. ನೆನಪಿನ ಮೇಲೆ ಯಾರೂ ಭಾರ ಹಾಕುತ್ತಿರಲಿಲ್ಲ.

ಆಮೇಲೆ ಸರ್ಕಾರಿ ಸೇವೆಗಳನ್ನು ನಿಗದಿತ ದಿನದೊಳಗೆ ಕೊಡಬೇಕೆನ್ನುವ ಸಕಾಲ ಯೋಜನೆ ಬಂತು. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಾಯಿತು. ಜಾತಿ ಪ್ರಮಾಣಪತ್ರಕ್ಕೋ ಆದಾಯ ಪ್ರಮಾಣಪತ್ರಕ್ಕೋ ಯಾರಾದರೂ ಅರ್ಜಿ ಕೊಟ್ಟರೆ 15 ಅಂಕಿಗಳ ಸಂಖ್ಯೆಯ ಸ್ವೀಕೃತಿ ಚೀಟಿ ಕೊಡಬೇಕು, ಎಷ್ಟು ದಿನದೊಳಗೆ ಸಿಗುತ್ತದೆ ಎಂಬುದು ಅವರಿಗೆ ಗೊತ್ತಾಗಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿಯವರೆಗೆ, ಅರ್ಜಿದಾರರಿಗೆ ಪರಿಹಾರ. ಹಣ ಸಣ್ಣದು, ನಿಜ. ಆದರೆ ಕೌಂಟರಿನಲ್ಲಿ ಆದ ಬದಲಾವಣೆಯನ್ನು ನಾನು ಹತ್ತಿರದಿಂದ ನೋಡಿದೆ. ಅದಕ್ಕೂ ಮುಂಚೆ ಹಳ್ಳಿಯಿಂದ ಬಂದ ಅಜ್ಜಿಗೆ "ನಾಳೆ ಬನ್ನಿ" ಎನ್ನುತ್ತಿದ್ದರು, ಆಕೆ ನಾಳೆಯೂ ಬರುತ್ತಿದ್ದಳು, ನಾಡಿದ್ದೂ ಬರುತ್ತಿದ್ದಳು, ಬಂದಾಗಲೆಲ್ಲ ಒಬ್ಬರು ಕೈಯಲ್ಲಿದ್ದ ಕಡತ ಬಿಟ್ಟು ಉತ್ತರ ಹೇಳಬೇಕಿತ್ತು. ಚೀಟಿಯಲ್ಲಿ ದಿನ ಗೊತ್ತಾದ ಮೇಲೆ ಆಕೆ ಆ ದಿನಕ್ಕೇ ಬಂದಳು. ಆಕೆಯ ಬಸ್ಸಿನ ಕಾಸೂ ಉಳಿಯಿತು, ನಮ್ಮ ಹೊತ್ತೂ ಉಳಿಯಿತು.

ನೀನು ಮಾಡಬೇಕಾದದ್ದೂ ಇಷ್ಟೇ, ಒಂದು ಸ್ವೀಕೃತಿ ಕೊಡು. ನಿಮ್ಮ ವ್ಯವಸ್ಥಾಪಕರು ಬಂದು ಪಟ್ಟಿ ಕೇಳಿದರೆ ಹೀಗೆ ಹೇಳು: "ಸರ್, ಈಗ ಖರೀದಿ ಲೆಕ್ಕ ತಾಳೆ ನೋಡುತ್ತಿದ್ದೇನೆ. ನಾಳೆ ಮೂರು ಗಂಟೆಗೆ ಪಟ್ಟಿ ಕೊಟ್ಟರೆ ಆಗುತ್ತದೆಯೇ, ಅಥವಾ ಇದನ್ನು ನಿಲ್ಲಿಸಿ ಅದನ್ನೇ ಮೊದಲು ಮಾಡಲೇ?" ಇದರಲ್ಲಿ ಎದುರುತ್ತರವೂ ಇಲ್ಲ, ಸೊಕ್ಕೂ ಇಲ್ಲ. ಯಾವುದು ಮೊದಲು ಎಂದು ತೀರ್ಮಾನಿಸುವುದು ಅವರ ಕೆಲಸ, ಅದಕ್ಕೇ ಅವರಿಗೆ ಆ ಹುದ್ದೆ. ನೀನು ಸುಮ್ಮನೆ ತಲೆಯಾಡಿಸಿದರೆ ಆ ತೀರ್ಮಾನದ ಹೊರೆಯನ್ನೂ ನೀನೇ ಹೊತ್ತುಕೊಂಡಂತೆ. ನನ್ನ ಅನುಭವದಲ್ಲಿ "ತುರ್ತು" ಎಂದು ಬಂದ ಎಷ್ಟೋ ಕೆಲಸಗಳು "ಯಾವಾಗ ಬೇಕು ಸರ್" ಎಂದು ಕೇಳಿದ ಕೂಡಲೇ "ಸೋಮವಾರ ಕೊಟ್ಟರೂ ಸಾಕು" ಆಗಿಬಿಟ್ಟಿವೆ. ಹೆಣ್ಣುಮಕ್ಕಳು ಹೀಗೆ ಕೇಳುವುದಕ್ಕೆ ಹಿಂಜರಿಯುತ್ತಾರೆ, ಹಾಗೆ ನಾವೇ ಬೆಳೆಸಿರುತ್ತೇವೆ. ನೀನು ಹಿಂಜರಿಯಬೇಡ.

ಒಪ್ಪಿಕೊಂಡದ್ದನ್ನು ಒಂದೇ ಕಡೆ ಬರೆದಿಡು. ಈಗ ನಿನ್ನ ಕೆಲಸಗಳು ಅರ್ಧ ಇಮೇಲಿನಲ್ಲಿ, ಕಾಲು ವಾಟ್ಸಾಪಿನಲ್ಲಿ, ಉಳಿದದ್ದು ಕಂಪ್ಯೂಟರಿಗೆ ಅಂಟಿಸಿದ ಹಳದಿ ಚೀಟಿಗಳಲ್ಲಿ ಹರಡಿಕೊಂಡಿವೆ. ಒಂದು ಪುಸ್ತಕ ಸಾಕು. ಯಾರು ಕೇಳಿದರು, ಏನು ಕೇಳಿದರು, ಯಾವ ದಿನಕ್ಕೆ ಒಪ್ಪಿಕೊಂಡೆ, ಯಾವಾಗ ಕೊಟ್ಟೆ, ಇಷ್ಟು ಕಲಂ. ನಿನ್ನ ಅಣ್ಣ ಯಾವುದೋ ಆ್ಯಪುಗಳನ್ನು ಕಳಿಸಿದ್ದಾನೆ, ಅವುಗಳಲ್ಲಿ ಒಂದು ನಿನಗೆ ಒಗ್ಗಿದರೆ ಅದರಲ್ಲೇ ಬರೆದುಕೋ. ಎರಡು ಕಡೆ ಮಾತ್ರ ಬೇಡ.

ದಿನಾಂಕ ಹೇಳುವಾಗ ಒಂದು ಎಚ್ಚರ. ನಮ್ಮ ಮನಸ್ಸು ಯಾವಾಗಲೂ ಕಡಿಮೆ ಹೊತ್ತನ್ನೇ ಅಂದಾಜು ಮಾಡುತ್ತದೆ. ಕೆನಡಾದ ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ 34 ದಿನ ಎಂದರು. ಎಲ್ಲವೂ ಕೆಟ್ಟು ಅಡ್ಡಿಗಳೇ ಎದುರಾದರೆ ಎಷ್ಟು ಎಂದಾಗ ಸುಮಾರು 49 ಎಂದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಮೇಲೆ. ಎಲ್ಲವೂ ಕೆಟ್ಟರೆ ಎಂದು ಹೇಳಿದ ಲೆಕ್ಕವೂ ಸಾಲಲಿಲ್ಲ ನೋಡು! ಆದ್ದರಿಂದ ಪಟ್ಟಿ ಮಾಡಲು ಒಂದು ಗಂಟೆ ಸಾಕು ಎಂದು ಅನ್ನಿಸಿದಾಗ ಅನ್ನಿಸಿಕೆಯನ್ನು ನಂಬಬೇಡ, ಕಳೆದ ಸಲ ಇದೇ ಪಟ್ಟಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಪುಸ್ತಕ ತೆರೆದು ನೋಡು.

ನಿನ್ನ ಲೆಕ್ಕಪತ್ರದ ಕೆಲಸದಲ್ಲಿ ಒಂದು ಅನುಕೂಲ ಇದೆ, ನುಗ್ಗಾಟದ ದಿನಗಳು ಮೊದಲೇ ಗೊತ್ತು. ತಿಂಗಳ 7ಕ್ಕೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದಿಟ್ಟ ತೆರಿಗೆ, ಕಟ್ಟಬೇಕು, 11ಕ್ಕೆ ಮಾರಾಟದ ವಿವರದ ಜಿಎಸ್‌ಟಿ ನಮೂನೆ ಜಿಎಸ್‌ಟಿಆರ್-1, 15ಕ್ಕೆ ನೌಕರರ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿ ತೆರಿಗೆ ಕಟ್ಟಿ ಸಲ್ಲಿಸುವ ಜಿಎಸ್‌ಟಿಆರ್-3ಬಿ. 14ಕ್ಕೆ 2ಬಿ, ಅಂದರೆ ನಿಮಗೆ ಮಾರಿದವರು ಸಲ್ಲಿಸಿದ ಬಿಲ್ಲುಗಳ ಪಟ್ಟಿ, ಬಂದ ಮೇಲೆ ಖರೀದಿ ವಹಿಯೊಂದಿಗೆ ಸಾಲು ಸಾಲಾಗಿ ತಾಳೆ ನೋಡಬೇಕು ಎಂದು ನೀನೇ ನನಗೆ ವಿವರಿಸಿದ್ದೆ. ಹಾಗಿದ್ದ ಮೇಲೆ 15ರಿಂದ 20ರವರೆಗೆ ಬೇರೆಯವರಿಗೆ ಯಾವ ಮಾತನ್ನೂ ಕೊಡಬೇಡ. ತಿಂಗಳು ಹುಟ್ಟುವ ಮುಂಚೆಯೇ ಆ ದಿನಗಳಿಗೆ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಹಾಕು, ಅದನ್ನು ವಿಭಾಗದವರೆಲ್ಲರಿಗೂ ತಿಳಿಸು. ಮಧ್ಯೆ ಬಂದವರಿಗೆ 21ಕ್ಕೆ ಕೊಡುತ್ತೇನೆ ಎಂದು ಹೇಳುವುದು ಆಗ ಸುಲಭ.

ಆ ತಾಳೆ ನೋಡುವ ಕೆಲಸಕ್ಕೆ ಯಾರೂ ಅಡ್ಡಿಪಡಿಸದ ಹೊತ್ತು ಬೇಕು. ನೀನು ಚಿಕ್ಕಂದಿನಲ್ಲಿ ನಮ್ಮ ಊರಿನ ಆಲೆಮನೆಗೆ ಬಂದಿದ್ದೀಯೆ. ಕಬ್ಬಿನ ಹಾಲು ಕುದಿಯುತ್ತಿರುವಷ್ಟು ಹೊತ್ತು ಎಲ್ಲರ ಜೊತೆ ಹರಟೆ ಹೊಡೆಯುವವನು, ಪಾಕ ಹದಕ್ಕೆ ಬರುವಾಗ ಕೊಪ್ಪರಿಗೆಯ ಮುಂದೆ ನಿಂತರೆ ಅವನನ್ನು ಯಾರೂ ಮಾತನಾಡಿಸುವುದಿಲ್ಲ. ಒಂದು ಹನಿ ನೀರಿಗೆ ಬಿಟ್ಟು ನೋಡುತ್ತಾನೆ, ಮತ್ತೆ ಬಿಡುತ್ತಾನೆ. ಆ ಸ್ವಲ್ಪ ಹೊತ್ತು ಅವನ ಕಣ್ಣು ಬೇರೆಡೆ ಹೋದರೆ ಇಡೀ ಪಾಕ ಕೆಟ್ಟಿತು. ನಿನಗೂ ದಿನದಲ್ಲಿ ಅಂಥ ಒಂದೂವರೆ ಗಂಟೆ ಬೇಕು. ಅಮೆರಿಕದ ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದು ಇದನ್ನೇ: ಅರ್ಧಕ್ಕೆ ಬಿಟ್ಟು ಬೇರೆ ಕೆಲಸಕ್ಕೆ ಹೊರಳಿದರೆ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ, ಹೊಸ ಕೆಲಸವೂ ಸೊರಗುತ್ತದೆ. ಎರಡು ನಿಮಿಷದ ಫೋನು ತಿನ್ನುವುದು ಎರಡೇ ನಿಮಿಷವನ್ನಲ್ಲ. ಬಿಲ್ಲಿನ ಯಾವ ಸಾಲಿನಲ್ಲಿ ಇದ್ದೆ ಎಂದು ಹುಡುಕುವುದು, ಮತ್ತೆ ಮೇಲಿನಿಂದ ಕೂಡುವುದು, ಅದೆಲ್ಲ ಸೇರುತ್ತದೆ. ಕಚೇರಿ ತೆರೆದ ಮೇಲಿನ ಮೊದಲ ಒಂದೂವರೆ ಗಂಟೆಯನ್ನು ಅದಕ್ಕೇ ಇಟ್ಟುಕೋ, ಇಮೇಲನ್ನು ಆಮೇಲೆ ತೆರೆ. ನಿನ್ನ ಅಣ್ಣ ಹೇಳಿದ 25 ನಿಮಿಷದ ಗಡಿಯಾರ, ಅಂದರೆ 25 ನಿಮಿಷ ಕೆಲಸ ಮಾಡಿ ಸ್ವಲ್ಪ ಬಿಡುವು ತೆಗೆದುಕೊಳ್ಳುವ ಪದ್ಧತಿ, ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬಾತ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರ ಇಟ್ಟುಕೊಂಡು ರೂಢಿಸಿಕೊಂಡದ್ದು, ಕೈ ಓಡದ ದಿನ ಶುರುಮಾಡಲು ಒಳ್ಳೆಯದು. ತಾಳೆ ನೋಡುವ ಕೆಲಸಕ್ಕೆ ಅದು ಹೊಂದುವುದಿಲ್ಲ ಎಂದು ನನಗೇಕೋ ಅನ್ನಿಸುತ್ತದೆ, ಮನಸ್ಸು ನೆಲೆನಿಲ್ಲುವ ಹೊತ್ತಿಗೇ ಗಂಟೆ ಬಾರಿಸುತ್ತದೆ.

ಸಂಜೆ ಹೊರಡುವ ಮುಂಚೆ ಹತ್ತು ನಿಮಿಷ ಪುಸ್ತಕ ತೆರೆದು, ಉಳಿದ ಪ್ರತಿ ಕೆಲಸದ ಮುಂದೆ ನಾಳೆ ಎಲ್ಲಿಂದ ಹಿಡಿಯಬೇಕು ಎಂದು ಒಂದು ಸಾಲು ಬರೆ. "ಜೂನ್ ತಿಂಗಳ ಬಿಲ್ಲುಗಳು 112ರವರೆಗೆ ಆಗಿವೆ, 113ರಿಂದ ನೋಡಬೇಕು, ಸಾಗಣೆದಾರರಿಂದ ಪ್ರತಿ ಬರಬೇಕು" ಎಂಬಂತೆ. ಮುಗಿಯದ ಕೆಲಸ ತಲೆಯಲ್ಲಿ ಕೊರೆಯುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನೂ ಪರೀಕ್ಷಿಸಿ ನೋಡಿದವರಿದ್ದಾರೆ. 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಕಂಡುಕೊಂಡಂತೆ, ಕೆಲಸ ಮುಗಿಯದಿದ್ದರೂ ಅದನ್ನು ಯಾವಾಗ, ಹೇಗೆ ಮಾಡುವುದು ಎಂದು ಖಚಿತವಾಗಿ ಯೋಜಿಸಿಟ್ಟರೆ ಆ ಕೊರೆತ ತಗ್ಗುತ್ತದೆ. ನೀನು ರಜೆ ಹಾಕಿದ ದಿನ ಪಕ್ಕದ ಮೇಜಿನವರು ಆ ಸಾಲು ಓದಿ ಕೆಲಸ ಮುಂದುವರಿಸಲೂಬಹುದು.

ಇನ್ನು ಗುಂಪಿನಲ್ಲಿರುವ ಎಲ್ಲರಿಗೂ ಒಂದು ಮಾತು. ಈ ವಾರದ ಸಂದೇಶಗಳನ್ನು ಹಿಂದಕ್ಕೆ ಸರಿಸಿ ನೋಡಿದೆ. ಪುಟ್ಟಿ ಕಚೇರಿಯಲ್ಲಿರುವ ಹೊತ್ತಿನಲ್ಲೇ ಒಬ್ಬರು ತಿರುಪತಿಗೆ ರೈಲು ಟಿಕೆಟ್ ನೋಡು ಎಂದಿದ್ದೀರಿ, ಇನ್ನೊಬ್ಬರು ಕರೆಂಟ್ ಬಿಲ್ ಕಟ್ಟು ಎಂದಿದ್ದೀರಿ, ಚಿಕ್ಕಮ್ಮ ದೇವರಾಜ ಮಾರುಕಟ್ಟೆಯಿಂದ ಪೂಜೆಗೆ ಮಲ್ಲಿಗೆ ತಂದುಬಿಡು ಎಂದಿದ್ದೀರಿ. ಅವಳು ಎಲ್ಲಕ್ಕೂ "ಆಯಿತು" ಎಂದಿದ್ದಾಳೆ. ಮೈಸೂರಿಗೆ ಹೋಗುತ್ತಾಳೆ ಎಂಬ ಒಂದೇ ಕಾರಣಕ್ಕೆ ಇಡೀ ಮನೆತನದ ಕೆಲಸಗಳು ಅವಳ ಮೇಲೆ ಬೀಳುವುದು ನ್ಯಾಯವಲ್ಲ. ಇನ್ನು ಮೇಲೆ ಕಚೇರಿಯ ಹೊತ್ತಿನಲ್ಲಿ ಅವಳ ಹೆಸರು ಹಿಡಿದು ಇಲ್ಲಿ ಏನೂ ಕೇಳಬೇಡಿ. ಅವಸರವಿದ್ದರೆ ಕರೆ ಮಾಡಿ, ಇಲ್ಲದಿದ್ದರೆ ಭಾನುವಾರ ಕೇಳಿ. ತಿರುಪತಿ ಟಿಕೆಟ್ ನಾನು ಮಾಡಿಸುತ್ತೇನೆ, ನನಗೆ ಮೊಬೈಲಿನಲ್ಲಿ ಮಾಡಲು ಬರುತ್ತದೆ, ಹೋಗುವವರ ವಯಸ್ಸು ಮತ್ತು ದಿನ ಕಳಿಸಿ. ಕರೆಂಟ್ ಬಿಲ್ ಕಟ್ಟಲು ಚಿಕ್ಕಪ್ಪ ಇದ್ದಾರೆ, ಹೇಗಿದ್ದರೂ ನಾಲ್ಕಕ್ಕೇ ಏಳುತ್ತಾರೆ, ಅವರಿಗೆ ಹೊತ್ತಿರುತ್ತದೆ. ಮಲ್ಲಿಗೆ ಮಂಡ್ಯದ ಪೇಟೆಬೀದಿಯಲ್ಲೇ ಸಿಗುತ್ತದೆ.

ಪುಟ್ಟಿ, ನಾಳೆ ವ್ಯವಸ್ಥಾಪಕರಿಗೆ ಆ ಪ್ರಶ್ನೆ ಕೇಳಿ ನೋಡು. ಅವರು ಏನೆಂದರು ಎಂದು ಸಂಜೆ ನನಗೆ ಫೋನು ಮಾಡು.