ಲಾಗ್ ಅಕ್ಷದ ಮೇಲೆ ‘10 ಲಕ್ಷ’ ಎಂದು ಬರೆಯಿಸುವುದು ಹೇಗೆ?

ಮಣ್ಣುಡಬ್ಬಿ:
ಕಳೆದ ವಾರ ನಮ್ಮ ಕ್ಷೇತ್ರೋತ್ಸವದಲ್ಲಿ ಒಂದು ಗ್ರಾಫ್ ತೂಗುಹಾಕಿದ್ದೆ. ಒಂದು ಗ್ರಾಂ ಮಣ್ಣಿನಲ್ಲಿ ಎಷ್ಟು ಬ್ಯಾಕ್ಟೀರಿಯಾ ಇವೆ ಎಂಬ ಲೆಕ್ಕ ಅದು. ಬರೀ ರಸಗೊಬ್ಬರ ಕಂಡ ತಾಕಿಗೆ 6.5, ಕೊಟ್ಟಿಗೆ ಗೊಬ್ಬರದ ತಾಕಿಗೆ 7.1. ಹಿರಿಯ ರೈತರೊಬ್ಬರು ಕನ್ನಡಕ ಸರಿಮಾಡಿಕೊಂಡು ನೋಡಿ, ‘ಅಷ್ಟು ಗಾಡಿ ಗೊಬ್ಬರ ಹೊಡೆಸಿದ್ದಕ್ಕೆ ಅರ್ಧ ಹುಳವೇ ಹೆಚ್ಚಾಗಿದ್ದು?’ ಎಂದರು. ನಾನು ಲಾಗರಿದಮ್ ವಿವರಿಸುವಷ್ಟರಲ್ಲಿ ಅವರು ಮಜ್ಜಿಗೆಯ ಸಾಲಿನಲ್ಲಿದ್ದರು.

ಸ್ಟೇಟಾ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ 10ರ ಆಧಾರದ ಲಾಗ್ ತೆಗೆದು (10 ಲಕ್ಷಕ್ಕೆ 6, 1 ಕೋಟಿಗೆ 7, ಹೀಗೆ), ತಾಕಿನ ಸರಾಸರಿಗಳನ್ನು ಕಂಬಗಳಾಗಿ ಎಳೆದಿದ್ದೇನೆ. ಮೂಲ ಎಣಿಕೆಯನ್ನೇ ಹಾಕಿದರೆ ಸಣ್ಣ ಸಂಖ್ಯೆಗಳೆಲ್ಲ ನೆಲಕ್ಕೆ ಅಂಟಿಕೊಳ್ಳುತ್ತವೆ. ಅಳತೆ ಲಾಗ್ ಆಗಿಯೇ ಇರಲಿ, ಅಂಕಿ ಮಾತ್ರ ಜನರಿಗೆ ಅರ್ಥವಾಗಲಿ ಎಂದರೆ ಏನು ಮಾಡಬೇಕು?

ಲೆಕ್ಕದ ಮೇಷ್ಟ್ರು:
ದತ್ತಾಂಶವನ್ನು ಮುಟ್ಟಬೇಡಿ. ಗುರುತು ಎಲ್ಲಿ ಬೀಳಬೇಕು ಎನ್ನುವುದು ಒಂದು, ಅದರ ಪಕ್ಕ ಏನು ಬರೆದಿರಬೇಕು ಎನ್ನುವುದು ಇನ್ನೊಂದು. ‘ವೈಲೇಬಲ್’ (ylabel) ಆಯ್ಕೆಯ ಆವರಣದೊಳಗೆ ಮೊದಲು ಸ್ಥಾನ, ಆಮೇಲೆ ಉದ್ಧರಣ ಚಿಹ್ನೆಯೊಳಗೆ ಬರಹ:

6 "10 ಲಕ್ಷ" 6.301 "20 ಲಕ್ಷ" 6.699 "50 ಲಕ್ಷ" 7 "1 ಕೋಟಿ" 7.301 "2 ಕೋಟಿ"

1, 2, 5 ಎಂದು ಹೋದರೆ ಗುರುತುಗಳ ನಡುವಿನ ಅಂತರ ಹೆಚ್ಚುಕಡಿಮೆ ಸಮನಾಗಿ ಕಾಣುತ್ತದೆ. ಸ್ಟೇಟಾ 14ರಿಂದ ಈಚೆಗೆ ಯೂನಿಕೋಡ್ ಇದೆ, ಕನ್ನಡ ಅಕ್ಷರ ತೆಗೆದುಕೊಳ್ಳುತ್ತದೆ. ಅಕ್ಷದ ಶೀರ್ಷಿಕೆಯಲ್ಲಿ ‘ಲಾಗ್’ ಎಂದು ಉಳಿಸಿದಿರೋ, ಓದುವವನು 10 ಲಕ್ಷಕ್ಕೂ ಇನ್ನೊಮ್ಮೆ ಲಾಗ್ ಹಚ್ಚುತ್ತಾನೆ. ಬೇರೆ ಯಾರಿಗೂ ಅಲ್ಲ, ನನಗೇ ಒಬ್ಬ ಪರೀಕ್ಷಕರು ಹೀಗೆ ಮಾಡಿದ್ದರು.

ಕಂಬಗಳನ್ನು ಕಿತ್ತು ಚುಕ್ಕೆ ಇಡಿ. ಲಾಗ್ ಅಕ್ಷದಲ್ಲಿ ಸೊನ್ನೆಯೇ ಇಲ್ಲ, ಕಂಬ ನಿಲ್ಲುವುದಾದರೂ ಯಾವುದರ ಮೇಲೆ?

ಆರ್_ಬಳಕೆದಾರ:
ಆರ್ ಎಂಬ ಇನ್ನೊಂದು ತಂತ್ರಾಂಶದ ಗ್ರಾಫ್ ಪ್ಯಾಕೇಜ್ ಜಿಜಿಪ್ಲಾಟ್2ರಲ್ಲಿ ಮೂಲ ಎಣಿಕೆಯನ್ನೇ ಕೊಟ್ಟು ‘ಸ್ಕೇಲ್_ವೈ_ಲಾಗ್10’ (scale_y_log10) ಹಾಕಬಹುದು. ಗುರುತಿನ ಸ್ಥಾನಗಳನ್ನೂ ಮೂಲ ಎಣಿಕೆಯಲ್ಲೇ ಕೊಟ್ಟರಾಯಿತು, 6.301 ಎಂದು ಲೆಕ್ಕ ಹಾಕುವ ಕೆಲಸವಿಲ್ಲ. ಆದರೆ ಅದು ಮೊದಲು ಲಾಗ್ ತೆಗೆದು ಆಮೇಲೆ ಸರಾಸರಿ ಮಾಡುತ್ತದೆ. 10 ಲಕ್ಷ ಮತ್ತು 1 ಕೋಟಿಯ ಸರಾಸರಿ ನಿಮ್ಮ ಮನಸ್ಸಿನಲ್ಲಿ 55 ಲಕ್ಷ, ಗ್ರಾಫಿನಲ್ಲಿ ಸುಮಾರು 32 ಲಕ್ಷ. ನಿಮ್ಮ 6.5 ಕೂಡ ಲಾಗ್‌ಗಳ ಸರಾಸರಿಯೇ ಆಗಿದ್ದರೆ, ಅದು ಗುಣೋತ್ತರ ಸರಾಸರಿ ಎಂದು ಕೆಳಗೆ ಒಂದು ಸಾಲು ಬರೆಯಿರಿ.

ಮಣ್ಣುಡಬ್ಬಿ:
ಹೌದು, ಲಾಗ್‌ಗಳ ಸರಾಸರಿಯೇ. ಸಾಲು ಸೇರಿಸಿದೆ. ಮೇಷ್ಟ್ರೇ, ಕಂಬಗಳೂ ಹೋದವು. ಈಗ ಒಂದು ಚುಕ್ಕೆ 32 ಲಕ್ಷದ ಹತ್ತಿರ, ಇನ್ನೊಂದು ಒಂದೂಕಾಲು ಕೋಟಿಯ ಮೇಲೆ. ನಮ್ಮ ಜೀಪಿನ ಚಾಲಕರಿಗೆ ತೋರಿಸಿದೆ, ಕೇಳುವ ಮೊದಲೇ ‘ನಾಲ್ಕು ಪಟ್ಟು’ ಎಂದರು. ಮುಂದಿನ ಸಲ ಫಲಕದ ಕೆಳಗೆ ಎರಡು ಪೆಟ್ರಿ ತಟ್ಟೆಗಳನ್ನೂ ಇಡುತ್ತೇನೆ. ಹತ್ತು ಸಾವಿರ ಪಟ್ಟು ತೆಳುಮಾಡಿದ ಮಣ್ಣಿನ ದ್ರಾವಣದ 0.1 ಮಿಲಿಲೀಟರ್ ಹರಡಿದ್ದು. ಒಂದರಲ್ಲಿ 32 ಕಾಲನಿ (ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆ), ಇನ್ನೊಂದರಲ್ಲಿ 126. ಅನುಮಾನವಿದ್ದವರು ಎಣಿಸಿಕೊಳ್ಳಲಿ.