ಕೆಂಪು ಅಟ್ಟೆಗೆ ಸಿಕ್ಕ ರಕ್ಷಣೆ ಮೂರು ಪಟ್ಟೆಗೆ ಏಕೆ ಸಿಗಲಿಲ್ಲ?

ಪ್ರಶ್ನೆ – ಮುದ್ರಾಸಕ್ತ

ಬ್ರ್ಯಾಂಡ್ ನಿರ್ವಹಣೆಯನ್ನು ಓದುತ್ತಿರುವ ನನಗೆ ಎರಡು ಪ್ರಕರಣಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಕ್ರಿಶ್ಚಿಯನ್ ಲೂಬುಟಾನ್ ಪಾದರಕ್ಷೆಗಳ ಕೆಂಪು ಅಟ್ಟೆ ಬರಿಯ ಒಂದು ಬಣ್ಣವಾಗಿದ್ದರೂ ಅಮೆರಿಕದ ಮೇಲ್ಮನವಿ ನ್ಯಾಯಾಲಯವು 2012ರಲ್ಲಿ ಅದನ್ನು ಟ್ರೇಡ್‌ಮಾರ್ಕ್, ಅಂದರೆ ಸಂಸ್ಥೆಯನ್ನು ಗುರುತಿಸುವ ಮುದ್ರೆ, ಎಂದು ಎತ್ತಿಹಿಡಿಯಿತು. ಆದರೆ ಮಕ್ಕಳೂ ಗುರುತಿಸಬಲ್ಲ ಅಡಿಡಾಸ್‌ನ ಮೂರು ಪಟ್ಟೆಗಳು 2019ರಲ್ಲಿ ಐರೋಪ್ಯ ಒಕ್ಕೂಟದ ಜನರಲ್ ಕೋರ್ಟ್‌ನಲ್ಲಿಯೂ, 2023ರಲ್ಲಿ ಅಮೆರಿಕದ ವಸ್ತ್ರವಿನ್ಯಾಸಕ ಥಾಮ್ ಬ್ರೌನ್ ವಿರುದ್ಧ ನ್ಯೂಯಾರ್ಕ್‌ನ ಜ್ಯೂರಿಯ ಮುಂದೆಯೂ ಸೋತವು. ಮುದ್ರೆಯನ್ನು ಕಾಯದಿದ್ದರೆ ಅದರ ಬಲ ಕುಂದುತ್ತದೆ ಎಂದು ಪಠ್ಯಗಳು ಹೇಳುತ್ತವೆ. ಕಾಯಲು ಹೋಗಿಯೇ ಕಳೆದುಕೊಳ್ಳುವುದಾದರೆ, ಯಾವಾಗ ದಾವೆ ಹೂಡಬೇಕು ಮತ್ತು ಯಾವಾಗ ಸುಮ್ಮನಿರಬೇಕು ಎಂಬುದನ್ನು ಸಂಸ್ಥೆಯೊಂದು ಹೇಗೆ ತೀರ್ಮಾನಿಸಬೇಕು?

ಪ್ರತಿಕ್ರಿಯೆ – ಕಡತಪ್ರಿಯ

ಮೊದಲು ನಿಮ್ಮ ಪ್ರಶ್ನೆಯ ಬುಡದಲ್ಲಿರುವ ಊಹೆಯನ್ನೇ ಸ್ವಲ್ಪ ತಿದ್ದಬೇಕು. ಲೂಬುಟಾನ್ ಪೂರ್ತಿಯಾಗಿ ಗೆಲ್ಲಲಿಲ್ಲ. 2011ರಲ್ಲಿ ಫ್ರಾನ್ಸ್‌ನ ಫ್ಯಾಷನ್ ಸಂಸ್ಥೆ ಈವ್ ಸ್ಯಾಂ ಲೊರಾಂ ವಿರುದ್ಧ ಅವರು ದಾವೆ ಹೂಡಿದ್ದು ಮೇಲ್ಭಾಗ, ಹಿಮ್ಮಡಿ, ಅಟ್ಟೆ ಎಲ್ಲವೂ ಕೆಂಪಾಗಿದ್ದ ಪಾದರಕ್ಷೆಗಳ ಬಗ್ಗೆ. ಫ್ಯಾಷನ್‌ನಲ್ಲಿ ಬಣ್ಣವು ಅಂದಕ್ಕಾಗಿಯೇ ಇರುವುದರಿಂದ ಅದನ್ನು ಒಬ್ಬರಿಗೇ ಬರೆದುಕೊಟ್ಟರೆ ಉಳಿದ ವಿನ್ಯಾಸಕಾರರ ಕೈ ಕಟ್ಟಿದಂತಾಗುತ್ತದೆ ಎಂಬುದು ವಿಚಾರಣಾ ನ್ಯಾಯಾಧೀಶರ ಆತಂಕವಾಗಿತ್ತು. ಮೇಲ್ಮನವಿ ನ್ಯಾಯಾಲಯವು ಆ ಆತಂಕವನ್ನು ಅಷ್ಟು ದೂರ ಎಳೆಯಲು ಒಪ್ಪದಿದ್ದರೂ, ಮೇಲ್ಭಾಗದ ಬಣ್ಣಕ್ಕಿಂತ ಭಿನ್ನವಾಗಿ ಎದ್ದು ಕಾಣುವ ಕೆಂಪು ಅಟ್ಟೆಗೆ ಮಾತ್ರ ರಕ್ಷಣೆಯನ್ನು ಸೀಮಿತಗೊಳಿಸಿತು. ಹೀಗಾಗಿ ಪೂರಾ ಕೆಂಪು ಪಾದರಕ್ಷೆಯನ್ನು ಮಾರಲು ಪ್ರತಿವಾದಿಗೆ ಅಡ್ಡಿಯೇ ಉಳಿಯಲಿಲ್ಲ.

ಹಕ್ಕು ಕಿರಿದಾದದ್ದು ಲೂಬುಟಾನ್‌ಗೆ ಲಾಭವೇ ಆಯಿತು ಎಂಬುದು ನನ್ನ ಅಭಿಪ್ರಾಯ. ಗ್ರಾಹಕರು ನಿಜವಾಗಿ ಗುರುತಿಸುವುದು ಕಪ್ಪು ಪಾದರಕ್ಷೆಯ ಕೆಳಗೆ ಹೊಳೆಯುವ ಆ ಕೆಂಪನ್ನೇ. ರಕ್ಷಣೆ ಸಿಕ್ಕಿದ್ದೂ ಅದಕ್ಕೇ. ಐರೋಪ್ಯ ಒಕ್ಕೂಟದ ನ್ಯಾಯಾಲಯವು 2018ರಲ್ಲಿ ಡಚ್ ವ್ಯಾಪಾರಸಂಸ್ಥೆ ವಾನ್ ಹಾರೆನ್ ಜೊತೆಗಿನ ವ್ಯಾಜ್ಯದಲ್ಲಿ, ಅಟ್ಟೆಗೆ ಬಳಿದ ಬಣ್ಣವು ಕೇವಲ ಆಕಾರವೆಂದು (ಕೆಲವು ಬಗೆಯ ಆಕಾರಗಳಿಗೆ ಅಲ್ಲಿ ಟ್ರೇಡ್‌ಮಾರ್ಕ್ ಸಿಗದು) ಪರಿಗಣಿತವಾಗದು ಎಂದಾಗ ಈ ಸೀಮಿತ ಹಕ್ಕಿಗೆ ಇನ್ನಷ್ಟು ಬಲ ಬಂತು.

ಪ್ರತಿಕ್ರಿಯೆ – ಅಂಗಡಿಸಾಲು

ಅಡಿಡಾಸ್ ಪ್ರಕರಣಗಳನ್ನು ಬೇರೆ ಬೇರೆಯಾಗಿ ನೋಡುವುದು ಒಳ್ಳೆಯದು. 2019ರಲ್ಲಿ ರದ್ದಾದದ್ದು ಆ ಸಂಸ್ಥೆಯ ಎಲ್ಲ ನೋಂದಣಿಗಳಲ್ಲ. ಸಮಾನ ಅಂತರದ, ಸಮಾನ ಅಗಲದ ಮೂರು ಪಟ್ಟೆಗಳನ್ನು ಉತ್ಪನ್ನದ ಮೇಲೆ ಯಾವ ದಿಕ್ಕಿನಲ್ಲಿಯಾದರೂ ಹಾಕಬಹುದು ಎಂದು ಹೇಳಿಕೊಂಡಿದ್ದ ಒಂದು ವಿಶಾಲವಾದ ನೋಂದಣಿ ಮಾತ್ರ. ನೋಂದಾಯಿಸಿದ ಚಿತ್ರದಲ್ಲಿ ಬಿಳಿಯ ಮೇಲೆ ಕಪ್ಪು ಪಟ್ಟೆಗಳಿದ್ದರೆ, ಸಲ್ಲಿಸಿದ ಸಾಕ್ಷ್ಯದ ಬಹುಪಾಲು ಕಡು ಬಣ್ಣದ ಮೇಲಿನ ಬಿಳಿ ಪಟ್ಟೆಗಳದ್ದಾಗಿತ್ತು. ಒಕ್ಕೂಟದುದ್ದಕ್ಕೂ ಮುದ್ರೆ ಮನೆಮಾತಾಗಿದೆ ಎಂದು ತೋರಿಸಬೇಕಾದಲ್ಲಿ, ಸ್ವಲ್ಪಮಟ್ಟಿಗೆ ಪ್ರಸ್ತುತವೆನಿಸಿದ ಸಾಕ್ಷ್ಯವೂ ಐದು ಸದಸ್ಯ ರಾಷ್ಟ್ರಗಳಿಗಷ್ಟೇ ಸಂಬಂಧಿಸಿತ್ತು. ಇಷ್ಟು ದೊಡ್ಡ ಸಂಸ್ಥೆಯ ಕಾನೂನು ವಿಭಾಗವು ಬಳಸುವ ರೂಪವೊಂದು, ನೋಂದಣಿಯ ರೂಪವೊಂದು ಎಂಬ ಸ್ಥಿತಿಗೆ ಬಂದದ್ದು ನನಗೆ ಇಂದಿಗೂ ಸೋಜಿಗವೇ.

ಥಾಮ್ ಬ್ರೌನ್ ಕಥೆ ಬೇರೆ. 2007ರಲ್ಲಿ ಅಡಿಡಾಸ್ ಆಕ್ಷೇಪಿಸಿದ ಬಳಿಕ ಅವರು ಮೂರು ಪಟ್ಟೆಗಳನ್ನು ಬಿಟ್ಟು ನಾಲ್ಕಕ್ಕೆ ಹೋದರು. ದಾವೆ ಬಂದದ್ದು 2021ರಲ್ಲಿ. ಇಷ್ಟು ವರ್ಷ ಸುಮ್ಮನಿದ್ದು ಈಗೇಕೆ ಎಂಬುದನ್ನೂ, ದುಬಾರಿ ಸೂಟುಗಳ ಗಿರಾಕಿಗಳು ಕ್ರೀಡಾ ಉಡುಪಿನ ಸಂಸ್ಥೆಯೊಂದಿಗೆ ಗೊಂದಲಕ್ಕೆ ಬೀಳುವುದಿಲ್ಲ ಎಂಬುದನ್ನೂ ಪ್ರತಿವಾದಿಗಳು ಜ್ಯೂರಿಯ ಮುಂದಿಟ್ಟರು. ಜ್ಯೂರಿಯು ಉಲ್ಲಂಘನೆ ನಡೆದಿಲ್ಲವೆಂದಿತು; 2024ರಲ್ಲಿ ಮೇಲ್ಮನವಿಯಲ್ಲಿಯೂ ಅದೇ ಉಳಿಯಿತು.

ಪ್ರತಿಕ್ರಿಯೆ – ಹೊಲಿಗೆಯಾಚೆ

ಮೇಲಿನ ಇಬ್ಬರೂ ನ್ಯಾಯಾಲಯದ ಫಲಿತಾಂಶವನ್ನೇ ಅಳತೆಗೋಲಾಗಿ ಹಿಡಿದಿದ್ದಾರೆ. ಅದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಇಟಲಿಯ ಐಷಾರಾಮಿ ಸಂಸ್ಥೆ ಗೂಚಿಯು ತನ್ನ ವಿನ್ಯಾಸಗಳನ್ನು ನಕಲಿಸಿದೆಯೆಂದು ಅಮೆರಿಕದ ಉಡುಪು ಸಂಸ್ಥೆ ಗೆಸ್ ವಿರುದ್ಧ 2009ರಲ್ಲಿ ಆರಂಭಿಸಿದ ಹೋರಾಟದಲ್ಲಿ 2012ರ ನ್ಯೂಯಾರ್ಕ್ ತೀರ್ಪು ಸುಮಾರು 47 ಲಕ್ಷ ಡಾಲರ್ ಕೊಡಿಸಿತು, ಮರುವರ್ಷ ಮಿಲಾನ್ ನ್ಯಾಯಾಲಯ ಗೂಚಿಯ ವಾದವನ್ನು ತಳ್ಳಿಹಾಕಿತು, ಕೊನೆಗೆ 2018ರಲ್ಲಿ ರಾಜಿಯಾಯಿತು. ಲೆಕ್ಕದ ಪುಸ್ತಕದಲ್ಲಿ ಇದು ಲಾಭವಲ್ಲದಿರಬಹುದು. ಆದರೆ ಗೂಚಿಯ ಹತ್ತಿರ ಸುಳಿಯುವವರಿಗೆ ಅದೊಂದು ಎಚ್ಚರಿಕೆಯಾಗಿತ್ತು.

ಆದರೂ ಎಲ್ಲ ಕಡೆಯೂ ಎಚ್ಚರಿಕೆ ಕೊಡಲು ಹೊರಡುವುದು ಹಾಸ್ಯಾಸ್ಪದವಾಗುತ್ತದೆ. ಐಷಾರಾಮಿ ಚೀಲಗಳ ಸಂಸ್ಥೆ ಲೂಯಿ ವಿಟಾನ್‌ನ ಚೀಲದ ಚಿತ್ರವನ್ನು ಒಂದು ಬದಿಯಲ್ಲಿಯೂ, ‘ನನ್ನ ಇನ್ನೊಂದು ಚೀಲ’ ಎಂಬರ್ಥದ ಬರಹವನ್ನು ಮತ್ತೊಂದು ಬದಿಯಲ್ಲಿಯೂ ಮುದ್ರಿಸಿದ ಸಾದಾ ಬಟ್ಟೆಚೀಲಗಳ ಮೇಲೆ ಆ ಸಂಸ್ಥೆ ದಾವೆ ಹೂಡಿ 2016ರಲ್ಲಿ ಸೋತಿತು. ಕೆಲವು ಅಣಕಗಳಲ್ಲಿ ಅಡಗಿರುವ ಮೆಚ್ಚುಗೆಯನ್ನು ನಕ್ಕು ಸ್ವೀಕರಿಸುವುದೇ ಲೇಸು ಎಂದು ನ್ಯಾಯಾಧೀಶರು ಬರೆದರು. ಐಷಾರಾಮಿ ಸಂಸ್ಥೆಗೆ ಹಣದ ನಷ್ಟಕ್ಕಿಂತ ಈ ಬಗೆಯ ಮಾತು ಹೆಚ್ಚು ಚುಚ್ಚುತ್ತದೆ.

ಮರುಪ್ರಶ್ನೆ – ಮುದ್ರಾಸಕ್ತ

ಹಾಗಾದರೆ ದಾವೆ ಮತ್ತು ಮೌನಗಳ ನಡುವೆ ಬೇರೆ ದಾರಿಯೇ ಇಲ್ಲವೇ?

ಪ್ರತಿಕ್ರಿಯೆ – ಅಂಗಡಿಸಾಲು

ಇದೆ, ಹೆಚ್ಚಿನ ವಿವಾದಗಳು ಪತ್ರವ್ಯವಹಾರದಲ್ಲಿಯೇ ಮುಗಿಯುತ್ತವೆ. ಇಬ್ಬರೂ ಒಟ್ಟಿಗೆ ಮಾರುಕಟ್ಟೆಯಲ್ಲಿ ಉಳಿಯುವ ಲಿಖಿತ ಒಪ್ಪಂದವನ್ನು ಮಾಡಿಕೊಳ್ಳಬಹುದು. ಆದರೆ ಅದರಲ್ಲಿ ಪಟ್ಟೆಗಳ ಸಂಖ್ಯೆಯಷ್ಟನ್ನೇ ಬರೆದರೆ ಸಾಲದು, ಯಾವ ಬಗೆಯ ಉಡುಪು, ಅದರ ಯಾವ ಭಾಗ ಎಂಬುದೂ ಇರಬೇಕು. ಥಾಮ್ ಬ್ರೌನ್ 2018ರಲ್ಲಿ ಬಾರ್ಸಿಲೋನಾ ಫುಟ್ಬಾಲ್ ಕ್ಲಬ್‌ನ ಆಟಗಾರರಿಗೆ ಮೈದಾನದಾಚೆಯ ಉಡುಪು ಒದಗಿಸಲು ಒಪ್ಪಿಕೊಂಡರು, ಕ್ರೀಡಾ ಶೈಲಿಯ ಬಟ್ಟೆಗಳನ್ನೂ ಮಾರತೊಡಗಿದರು. ಇಬ್ಬರ ಸರಕು ಹೀಗೆ ಹತ್ತಿರ ಬಂದಾಗ ಏನು ಮಾಡಬೇಕೆಂಬುದನ್ನು ಸಂಬಂಧ ಚೆನ್ನಾಗಿರುವಾಗಲೇ ಬರೆದಿಟ್ಟುಕೊಳ್ಳಬೇಕು.