ನಿಧಾನವಾಗಿ ಓಡಿಸುವಾಗ ಮಾತ್ರ ವಿಪರೀತ ಬಿಸಿಯೇರುವ 1968ರ ಪಾಂಟಿಯಾಕ್ ಜಿಟಿಒ

ಮರುಭೂಮಿ ಸವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ನೆಲೆಸಿದ್ದು, ಎರಡು ವರ್ಷಗಳ ಹಿಂದೆ 1968ರ ಪಾಂಟಿಯಾಕ್ ಜಿಟಿಒ ಕಾರೊಂದನ್ನು ಕೊಂಡಿದ್ದೇನೆ. 400 ಘನ ಅಂಗುಲದ, ಅಂದರೆ ಸುಮಾರು 6.6 ಲೀಟರಿನ ವಿ8 ಇಂಜಿನ್ನು, ನಾಲ್ಕು ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸು, ಎ.ಸಿ. ಇವೆ.

ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿ ವೇಗದಲ್ಲಿ ಎಷ್ಟು ದೂರ ಹೋದರೂ ತಾಪಮಾನದ ಮುಳ್ಳು 190 ಡಿಗ್ರಿ ಫ್ಯಾರನ್‌ಹೀಟ್ (88 ಸೆಲ್ಸಿಯಸ್) ಬಿಟ್ಟು ಅಲುಗುವುದಿಲ್ಲ. ಆದರೆ ಊರೊಳಗೆ ಬಂದು ಮೂರು ನಾಲ್ಕು ಸಿಗ್ನಲ್‌ಗಳಲ್ಲಿ ನಿಂತರೆ ಸಾಕು, ಅದು 215ಕ್ಕೆ ಏರುತ್ತದೆ. ಕಾಲು ಗಂಟೆ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ 232 (111 ಸೆಲ್ಸಿಯಸ್) ಮುಟ್ಟುತ್ತದೆ. ಎ.ಸಿ. ಹಾಕುವ ಧೈರ್ಯವನ್ನು ನಾನು ಈವರೆಗೆ ಮಾಡಿಲ್ಲ. ಮತ್ತೆ ಹೆದ್ದಾರಿ ಸೇರಿದ ಐದೇ ನಿಮಿಷದಲ್ಲಿ ಮುಳ್ಳು ಏನೂ ಆಗಿಲ್ಲವೆಂಬಂತೆ 190ಕ್ಕೆ ಇಳಿದಿರುತ್ತದೆ.

ಈವರೆಗೆ ಹೊಸ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿದ್ದೇನೆ, 195 ಡಿಗ್ರಿಯ ಥರ್ಮೋಸ್ಟಾಟ್ (ಬಿಸಿಯೇರಿದ ಮೇಲೆ ನೀರಿಗೆ ದಾರಿ ತೆರೆಯುವ ಬಿರಡೆ) ತೆಗೆದು 160ರದನ್ನು ಕೂರಿಸಿದ್ದೇನೆ. ಸೋರುತ್ತಿದ್ದ ವಾಟರ್ ಪಂಪನ್ನು ಕಾರು ಕೊಂಡ ಹೊಸದರಲ್ಲಿಯೇ ಒಂದು ಗ್ಯಾರೇಜಿನವರು ಬದಲಾಯಿಸಿಕೊಟ್ಟಿದ್ದರು. ಕಾರಿನ ಜೊತೆಗೆ ಬಂದದ್ದು ಬಾಗುವ ಉಕ್ಕಿನ ರೆಕ್ಕೆಗಳ ಫ್ಯಾನು. ಅದರ ಸುತ್ತ ಇರಬೇಕಾದ ಷ್ರೌಡ್ (ಗಾಳಿಗೆ ದಾರಿ ಕಟ್ಟುವ ಕವಚ) ಹಿಂದಿನ ಮಾಲೀಕರ ಕಾಲದಲ್ಲಿಯೇ ಕಾಣೆಯಾಗಿದೆ. ಇನ್ನೂ ದಪ್ಪನೆಯ ರೇಡಿಯೇಟರ್ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ, ಎಲೆಕ್ಟ್ರಿಕ್ ಫ್ಯಾನ್ ಹಾಕಿ ಎಂದು ಸ್ನೇಹಿತರು ಹೇಳುತ್ತಾರೆ. ಮತ್ತೆ ಹಣ ಸುರಿಯುವ ಮೊದಲು ತಿಳಿದವರ ಮಾತು ಕೇಳೋಣವೆಂದು ಬರೆಯುತ್ತಿದ್ದೇನೆ.

ಗ್ರೀಸು ಕೈ

ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರ ಅಡಗಿದೆ. ಹೆದ್ದಾರಿಯಲ್ಲಿ 65 ಮೈಲಿ ವೇಗದಲ್ಲಿ ಓಡುವಾಗ ಇಂಜಿನ್ನು ಹುಟ್ಟಿಸುವ ಶಾಖವು ಸಿಗ್ನಲ್ಲಿನಲ್ಲಿ ನಿಂತಾಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಷ್ಟನ್ನೂ ನಿಮ್ಮ ರೇಡಿಯೇಟರ್ ಸಲೀಸಾಗಿ ಹೊರಹಾಕುತ್ತಿದೆ ಎಂದ ಮೇಲೆ ಅದರ ಸಾಮರ್ಥ್ಯದ ಬಗ್ಗೆ ಅನುಮಾನಪಡಬೇಕಾಗಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ನಿರಪರಾಧಿ ರೇಡಿಯೇಟರನ್ನು ಬದಲಿಸಿದ್ದೀರಿ. ವೇಗದಲ್ಲಿ ಬಿಸಿಯೇರುವ ಕಾರಾಗಿದ್ದರೆ ಕಟ್ಟಿಕೊಂಡ ರೇಡಿಯೇಟರ್, ಹೀರುವಿಕೆಗೆ ಚಪ್ಪಟೆಯಾಗುವ ಕೆಳಗಿನ ಹೋಸ್ ಪೈಪು ಇತ್ಯಾದಿಗಳನ್ನು ಹುಡುಕಬೇಕಾಗುತ್ತಿತ್ತು. ನಿಂತಲ್ಲಿ ಬಿಸಿಯೇರುವ ಕಾರಿನಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಮೂರು: ರೇಡಿಯೇಟರಿನ ಮೂಲಕ ಹಾಯುವ ಗಾಳಿ, ಐಡ್ಲಿಂಗ್‌ನಲ್ಲಿ (ಕಾರು ನಿಂತು ಇಂಜಿನ್ನು ಸುಮ್ಮನೆ ತಿರುಗುವಾಗ) ಕಿಡಿ ಹೊತ್ತುವ ಸಮಯ, ಪಂಪು ನಿಧಾನವಾಗಿ ತಿರುಗುವಾಗ ಅದು ತಳ್ಳುವ ನೀರು.

ಗಂಟೆಗೆ 40 ಮೈಲಿ ದಾಟಿದ ಮೇಲೆ ಗಾಳಿ ತಾನಾಗಿಯೇ ನುಗ್ಗುವುದರಿಂದ ಫ್ಯಾನಿಗೆ ಹೆಚ್ಚು ಕೆಲಸವಿಲ್ಲ. ನಿಂತಾಗ ಇರುವುದೆಲ್ಲ ಫ್ಯಾನಿನದೇ ಗಾಳಿ, ಮತ್ತು ಷ್ರೌಡ್ ಇಲ್ಲದ ಫ್ಯಾನು ತನ್ನ ಎದುರಿನ ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿಯನ್ನು ಎಳೆದು, ಮೂಲೆಗಳನ್ನು ಹಾಗೆಯೇ ಬಿಡುತ್ತದೆ. ಸಾಲದ್ದಕ್ಕೆ ರೆಕ್ಕೆಗಳ ತುದಿಯಲ್ಲಿ ಬಿಸಿ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ನಿಮ್ಮ ಕಾರಿನಲ್ಲಿ ರೇಡಿಯೇಟರಿನ ಮುಂದೆ ಎ.ಸಿ.ಯ ಕಂಡೆನ್ಸರ್ ಬೇರೆ ಅಡ್ಡ ನಿಂತಿರುವುದರಿಂದ ಷ್ರೌಡ್ ಇಲ್ಲದೆ ಓಡಿಸುವುದು ಸಲ್ಲದು. ರೆಕ್ಕೆಗಳ ಅಗಲದಲ್ಲಿ ಸುಮಾರು ಅರ್ಧ ಷ್ರೌಡಿನ ಒಳಗೆ, ಉಳಿದರ್ಧ ಹೊರಗೆ ಇರುವಂತೆ ಕೂರಿಸಬೇಕು. ರೇಡಿಯೇಟರಿನ ಮೇಲಂಚಿಗೂ ಬಾನೆಟ್ಟಿಗೂ ನಡುವಿನ ರಬ್ಬರ್ ಪಟ್ಟಿ ಇದೆಯೇ ಎಂದೂ ನೋಡಿ. ಅದು ಹರಿದಿದ್ದರೆ ಇಂಜಿನ್ ಕೋಣೆಯ ಬಿಸಿ ಗಾಳಿ ಸುತ್ತಿಕೊಂಡು ಮತ್ತೆ ಮುಂದಕ್ಕೆ ಬಂದು ಸೇರುತ್ತದೆ.

ಆ ಬಾಗುವ ರೆಕ್ಕೆಗಳ ಫ್ಯಾನನ್ನು ದಯವಿಟ್ಟು ಕಳಚಿಡಿ. ಹಳೆಯದಾದ ಮೇಲೆ ಅದರ ರೆಕ್ಕೆ ಬುಡದಲ್ಲಿ ಬಿರುಕು ಬಿಟ್ಟು ಹಾರಿ, ಬಾನೆಟ್ಟನ್ನು ತೂತು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ಬದಲಿಗೆ ಏಳು ರೆಕ್ಕೆಗಳ ಗಟ್ಟಿ ಫ್ಯಾನನ್ನು ಥರ್ಮಲ್ ಕ್ಲಚ್ಚಿನೊಂದಿಗೆ ಹಾಕಿ. ಕ್ಲಚ್ಚಿನ ಮುಖದ ಮೇಲಿರುವ ಲೋಹದ ಸುರುಳಿಯು ರೇಡಿಯೇಟರ್ ದಾಟಿ ಬಂದ ಗಾಳಿ ಸುಮಾರು 170 ಡಿಗ್ರಿ ತಲುಪಿದಾಗ ಹಿಗ್ಗಿ, ಒಳಗಿನ ಸಿಲಿಕೋನ್ ದ್ರವವನ್ನು ಬಿಟ್ಟು ಫ್ಯಾನನ್ನು ಬಿಗಿಹಿಡಿಯುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಪರೀಕ್ಷೆ ಮಾಡಿ. ಕಾರನ್ನು ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಟ್ಟು, ಮುಳ್ಳು ಏರತೊಡಗಿದಾಗ ಗ್ಯಾರೇಜಿನಲ್ಲಿ ಬಳಸುವ ದೊಡ್ಡ ಫ್ಯಾನನ್ನು ಗ್ರಿಲ್ಲಿನ ಎದುರಿಗಿಟ್ಟು ಜೋರಾಗಿ ತಿರುಗಿಸಿ. ತಾಪಮಾನ ಪೂರ್ತಿ ಇಳಿದರೆ ದೋಷ ಗಾಳಿಯದು. ಸ್ವಲ್ಪ ಮಾತ್ರ ಇಳಿದರೆ ಇನ್ನೊಂದು ದೋಷವೂ ಜೊತೆಗಿದೆ ಎಂದರ್ಥ. ಡ್ಯಾಷ್‌ಬೋರ್ಡಿನ ಮುಳ್ಳನ್ನೇ ನಂಬಬೇಡಿ, ಥರ್ಮೋಸ್ಟಾಟ್ ಕೂತಿರುವ ಜಾಗಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಅಳೆಯಿರಿ.

ಮಿಷಿಗನ್ ಹಳಬ

ಗಾಳಿಯ ಬಗ್ಗೆ ಮೇಲಿನವರು ಹೇಳಿದ್ದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಕಿಡಿಯ ಸಮಯದ ಬಗ್ಗೆ ಮಾತ್ರ ನಾನು ಬರೆಯುತ್ತೇನೆ, ಏಕೆಂದರೆ ಅದನ್ನು ಸರಿಪಡಿಸಲು ಖರ್ಚೇ ಇಲ್ಲ.

ಕಿಡಿ ತಡವಾಗಿ ಹೊತ್ತಿದರೆ ಎಕ್ಸಾಸ್ಟ್ ವಾಲ್ವು ತೆರೆಯುವ ಹೊತ್ತಿಗೂ ಇಂಧನ ಉರಿಯುತ್ತಲೇ ಇರುತ್ತದೆ. ಪಿಸ್ಟನ್ನನ್ನು ತಳ್ಳಬೇಕಾಗಿದ್ದ ಶಾಖವು ಹಾಗೆಯೇ ಎಕ್ಸಾಸ್ಟ್ ದಾರಿಗೆ ನುಗ್ಗಿ, ಅದರ ಸುತ್ತ ಹರಿಯುವ ಕೂಲೆಂಟಿಗೆ (ಇಂಜಿನ್ನನ್ನು ತಣಿಸುವ ದ್ರವಕ್ಕೆ) ಸೇರುತ್ತದೆ. ಐಡ್ಲಿಂಗ್‌ನಲ್ಲಿ ಸಿಲಿಂಡರಿನೊಳಗಿನ ಮಿಶ್ರಣ ತೆಳುವಾಗಿದ್ದು ನಿಧಾನವಾಗಿ ಉರಿಯುವುದರಿಂದ ಅಲ್ಲಿಯೇ ಕಿಡಿ ಇನ್ನಷ್ಟು ಬೇಗ ಹೊತ್ತಬೇಕು. ಈ ಕೆಲಸಕ್ಕೆಂದೇ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ, ಇಂಜಿನ್ನಿನ ಗಾಳಿಯ ಎಳೆತದಿಂದ ಕೆಲಸ ಮಾಡುವ ವ್ಯಾಕ್ಯೂಮ್ ಡಬ್ಬಿ ಇದೆ. ಆದರೆ 1960ರ ದಶಕದ ಕೊನೆಯಲ್ಲಿ ಹೊಗೆಯ ನಿಯಮಗಳು ಬಂದಾಗ, ಐಡ್ಲಿಂಗ್‌ನಲ್ಲಿ ಈ ಡಬ್ಬಿಗೆ ಎಳೆತ ಸಿಗದಂತೆ ಅದರ ಪೈಪನ್ನು ಕಾರ್ಬ್ಯುರೇಟರಿನ ಥ್ರಾಟಲ್ ಬ್ಲೇಡಿಗಿಂತ ಮೇಲಿನ ರಂಧ್ರಕ್ಕೆ ಜೋಡಿಸುವ ಪದ್ಧತಿ ಬಹಳ ಕಾರುಗಳಲ್ಲಿ ರೂಢಿಗೆ ಬಂತು. ಇದರಿಂದ ಇಂಜಿನ್ನು ಬಿಸಿಯೇರುತ್ತದೆಂಬುದು ತಯಾರಕರಿಗೂ ಗೊತ್ತಿತ್ತು. ಆ ಕಾಲದ ಹಲವು ಕಾರುಗಳಲ್ಲಿ ಕೂಲೆಂಟ್ ಮಿತಿಮೀರಿ ಬಿಸಿಯಾದರೆ ಡಬ್ಬಿಗೆ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆಗಳ) ಎಳೆತವನ್ನೇ ಕೊಡುವ ಒಂದು ಥರ್ಮಲ್ ಸ್ವಿಚ್ಚು ಇರುತ್ತಿತ್ತೆಂಬುದೇ ಇದಕ್ಕೆ ಸಾಕ್ಷಿ.

ನೀವು ಮಾಡಬೇಕಾದದ್ದಿಷ್ಟು. ವ್ಯಾಕ್ಯೂಮ್ ಪೈಪನ್ನು ಕಳಚಿ ಬಾಯಿ ಮುಚ್ಚಿ, ಟೈಮಿಂಗ್ ಲೈಟಿನಲ್ಲಿ (ಕಿಡಿಯ ಸಮಯ ತೋರಿಸುವ ದೀಪದಲ್ಲಿ) ನೋಡಿ. ನಿಮ್ಮ ಇಂಜಿನ್ನಿನಲ್ಲಿ ಪಿಸ್ಟನ್ ತುತ್ತತುದಿ ಮುಟ್ಟುವುದಕ್ಕೆ ಕ್ರ್ಯಾಂಕಿನ ಸುತ್ತಿನ 9 ಡಿಗ್ರಿ ಮುಂಚಿತವಾಗಿ ಕಿಡಿ ಹೊತ್ತಬೇಕು. ಬಳಿಕ ಪೈಪನ್ನು ಮ್ಯಾನಿಫೋಲ್ಡಿನ ನೇರ ಎಳೆತಕ್ಕೆ ಜೋಡಿಸಿ, ಏರಿದ ಐಡ್ಲಿಂಗ್ ವೇಗವನ್ನು ಸ್ಕ್ರೂ ತಿರುಗಿಸಿ ಇಳಿಸಿ. ಐವತ್ತು ವರ್ಷ ದಾಟಿದ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಮುಂದಿನ ಬ್ಯಾಲೆನ್ಸರಿನ ಹೊರ ಬಳೆ ರಬ್ಬರಿನ ಮೇಲೆ ಜಾರಿ, ಅದರ ಮೇಲಿನ ಟೈಮಿಂಗ್ ಗುರುತೇ ಸುಳ್ಳು ಹೇಳುವುದುಂಟು. ಆದ್ದರಿಂದ ಒಂದನೆಯ ಸಿಲಿಂಡರಿನ ಪ್ಲಗ್ಗಿನ ರಂಧ್ರಕ್ಕೆ ಪಿಸ್ಟನ್ ಸ್ಟಾಪ್ (ಪಿಸ್ಟನ್ನು ಪೂರ್ತಿ ಮೇಲೇರದಂತೆ ತಡೆಯುವ ಸಲಕರಣೆ) ಹಾಕಿ, ಕ್ರ್ಯಾಂಕನ್ನು ಕೈಯಿಂದ ಎರಡೂ ಕಡೆಗೆ ತಿರುಗಿಸಿ, ಎರಡು ನಿಲುಗಡೆಗಳ ನಡುಬಿಂದುವೇ ಸೊನ್ನೆ ಗುರುತು ಹೌದೇ ಎಂದು ಖಾತ್ರಿ ಮಾಡಿಕೊಳ್ಳಿ. ಪ್ಲಗ್ ಸ್ಪ್ಯಾನರ್ ಕೈಯಲ್ಲಿದ್ದಾಗಲೇ ಟೈಮಿಂಗ್ ಚೈನಿನ ಸಡಿಲವನ್ನೂ ನೋಡಿ. ಆ ಕಾಲದ ಪಾಂಟಿಯಾಕ್‌ಗಳ ಕ್ಯಾಮ್ ಗೇರಿಗೆ (ಆ ಚೈನು ತಿರುಗಿಸುವ ಗೇರಿಗೆ) ನೈಲಾನ್ ಹಲ್ಲುಗಳಿದ್ದವು, ಅವು ಸವೆದು ಉದುರುತ್ತವೆ.

160 ಡಿಗ್ರಿಯ ಥರ್ಮೋಸ್ಟಾಟನ್ನು ತೆಗೆದು 180ರದನ್ನು ಹಾಕಿ. ಥರ್ಮೋಸ್ಟಾಟ್ ನಿರ್ಧರಿಸುವುದು ಇಂಜಿನ್ನಿನ ಕನಿಷ್ಠ ತಾಪಮಾನವನ್ನು. ಅದು ಪೂರ್ತಿ ತೆರೆದ ಮೇಲೆ 160ರದಕ್ಕೂ 195ರದಕ್ಕೂ ವ್ಯತ್ಯಾಸವಿಲ್ಲ.

ಎರಡು ಫ್ಯಾನಿನವ

ಇಷ್ಟೆಲ್ಲ ಕಸರತ್ತು ಏಕೆ? ಹೊಸ ಕಾರುಗಳಿಂದ ತೆಗೆದ ಎರಡು ಎಲೆಕ್ಟ್ರಿಕ್ ಫ್ಯಾನುಗಳನ್ನು ಷ್ರೌಡಿನ ಸಮೇತ ನನ್ನ 1970ರ ಷೆವರ್ಲೆ ಷೆವೆಲ್‌ಗೆ ಹಾಕಿಸಿದ್ದೇನೆ. ಇಂಜಿನ್ನಿನ ವೇಗ ಏನೇ ಇರಲಿ, ಗಾಳಿ ಕಡಿಮೆಯಾಗುವುದಿಲ್ಲ. ಸಮಸ್ಯೆ ಅಲ್ಲಿಗೆ ಮುಗಿಯಿತು.

ಗ್ರೀಸು ಕೈ

ನಿಮ್ಮ ಕಾರಿಗೆ ಒಗ್ಗಿರಬಹುದು, ಸಂತೋಷ. ಆದರೆ ಅಂದಿನ ಕಾರುಗಳ ಆಲ್ಟರ್ನೇಟರ್ (ಇಂಜಿನ್ನಿನಿಂದ ವಿದ್ಯುತ್ ಹುಟ್ಟಿಸುವ ಯಂತ್ರ) ಸಾಮಾನ್ಯವಾಗಿ 37ರಿಂದ 61 ಆಂಪಿಯರ್ ಸಾಮರ್ಥ್ಯದವು. ಐಡ್ಲಿಂಗ್‌ನಲ್ಲಿ ಅಷ್ಟೂ ಬರುವುದಿಲ್ಲ. ಫ್ಯಾನು ಹೆಚ್ಚು ವಿದ್ಯುತ್ ಬೇಡುವುದೂ ಅದೇ ಐಡ್ಲಿಂಗ್‌ನಲ್ಲಿ. ದೊಡ್ಡ ಆಲ್ಟರ್ನೇಟರ್, ದಪ್ಪ ವೈರು, ರಿಲೇಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಅಲ್ಲದೆ, ದೋಷ ಟೈಮಿಂಗಿನದೋ ಪಂಪಿನದೋ ಆಗಿದ್ದರೆ ಅದನ್ನು ಗಾಳಿಯಿಂದ ಮುಚ್ಚಿಟ್ಟಂತಾಗುತ್ತದೆ ಅಷ್ಟೆ.

ಮರುಭೂಮಿ ಸವಾರ

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರಾಂತ್ಯಗಳನ್ನು ಇದಕ್ಕೇ ಮುಡಿಪಿಟ್ಟೆ. ಎಲ್ಲ ಅಳತೆಗಳನ್ನೂ ಹೊರಗೆ 104 ಡಿಗ್ರಿ (40 ಸೆಲ್ಸಿಯಸ್) ಬಿಸಿಲಿದ್ದಾಗ, ಎ.ಸಿ. ಇಲ್ಲದೆ, ಕಾರು ನಿಂತಿದ್ದಾಗ ತೆಗೆದುಕೊಂಡಿದ್ದೇನೆ.

ಏನನ್ನೂ ಮುಟ್ಟುವ ಮೊದಲು 232 ಇದ್ದದ್ದು ದೊಡ್ಡ ಫ್ಯಾನನ್ನು ಎದುರಿಗಿಟ್ಟಾಗ 219ಕ್ಕೆ ಇಳಿದು ಅಲ್ಲಿಯೇ ನಿಂತಿತು. ಟೈಮಿಂಗ್ ನೋಡಿದರೆ 9ರ ಬದಲು 4 ಡಿಗ್ರಿ ಮಾತ್ರ ಇತ್ತು, ವ್ಯಾಕ್ಯೂಮ್ ಪೈಪು ತಾವು ಹೇಳಿದಂತೆಯೇ ಮೇಲಿನ ರಂಧ್ರಕ್ಕೆ ಸೇರಿತ್ತು. ಬ್ಯಾಲೆನ್ಸರಿನ ಗುರುತು ಮಾತ್ರ ಸತ್ಯವನ್ನೇ ಹೇಳುತ್ತಿತ್ತು. ಎರಡನ್ನೂ ಸರಿಪಡಿಸಿದ ಮೇಲೆ 221ಕ್ಕೆ ಬಂತು. ಅನಂತರ ಷ್ರೌಡ್, ಏಳು ರೆಕ್ಕೆಗಳ ಫ್ಯಾನು ಮತ್ತು ಹೊಸ ಕ್ಲಚ್ಚು ಹಾಕಿದೆ. ಈಗ 210 (99 ಸೆಲ್ಸಿಯಸ್). ಆದರೆ ಎ.ಸಿ. ಹಾಕಿದರೆ ಮತ್ತೆ 222ರತ್ತ ಹೊರಡುತ್ತದೆ. ನಿಂತಲ್ಲಿಯೇ ಇಂಜಿನ್ನನ್ನು ನಿಮಿಷಕ್ಕೆ 1500 ಸುತ್ತುಗಳಿಗೆ ಏರಿಸಿದರೆ ತಾಪಮಾನ ಇಳಿಯುತ್ತದೆ. ಇದರಿಂದ ಏನು ತಿಳಿಯಬೇಕು?

ಇನ್ನೊಂದು ವಿಷಯ: ಪ್ರತಿ ಸಲ ಕಾರು ನಿಲ್ಲಿಸಿದ ಮೇಲೆ ಓವರ್‌ಫ್ಲೋ ಪೈಪಿನಿಂದ ಒಂದಿಷ್ಟು ಕೂಲೆಂಟ್ ನೆಲಕ್ಕೆ ಸುರಿಯುತ್ತದೆ. ಅದು ಕುದಿಯುತ್ತಿದೆಯೇ?

ಮಿಷಿಗನ್ ಹಳಬ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅರ್ಧ ನೀರು, ಅರ್ಧ ಕೂಲೆಂಟಿನ ಮಿಶ್ರಣ ಮುಚ್ಚಳವಿಲ್ಲದೆ 223 ಡಿಗ್ರಿಗೆ ಕುದಿಯುತ್ತದೆ. 15 ಪೌಂಡ್ ಒತ್ತಡದ ಮುಚ್ಚಳ ಸುಸ್ಥಿತಿಯಲ್ಲಿದ್ದರೆ ಕುದಿಬಿಂದು ಸುಮಾರು 265ಕ್ಕೆ (129 ಸೆಲ್ಸಿಯಸ್) ಏರುತ್ತದೆ. ಆದ್ದರಿಂದ 210ರಲ್ಲಿ ಕುದಿಯುವ ಮಾತಿಲ್ಲ. ನಿಮ್ಮ ಕಾರಿನಲ್ಲಿ ಉಕ್ಕಿದ ಕೂಲೆಂಟನ್ನು ಹಿಡಿದಿಡುವ ಹೊರ ಡಬ್ಬಿಯಿಲ್ಲ. ರೇಡಿಯೇಟರಿನ ಕತ್ತಿನವರೆಗೆ ತುಂಬಿಸಿದರೆ ಹಿಗ್ಗಿದ ದ್ರವ ಹೊರಗೇ ಹೋಗಬೇಕು. ಕತ್ತಿಗಿಂತ ಒಂದೆರಡು ಅಂಗುಲ ಕೆಳಗೆ ನಿಂತರೆ ಅದೇ ಸರಿಯಾದ ಮಟ್ಟ. ಬಿಸಿ ಇರುವಾಗ ಮುಚ್ಚಳ ತೆರೆಯಬಾರದೆಂದು ತಮಗೆ ಹೇಳಬೇಕಾಗಿಲ್ಲ. ಆದರೆ ಸುರಿದದ್ದನ್ನು ನೀರು ಹಾಕಿ ತೊಳೆಯಿರಿ, ಅದು ಸಿಹಿಯೆಂದು ನಾಯಿಗಳು ನೆಕ್ಕಿ ಸಾಯುತ್ತವೆ.

ಇನ್ನು ಮೊದಲ ಪ್ರಶ್ನೆ. 1500 ಸುತ್ತುಗಳಿಗೆ ಏರಿಸಿದಾಗ ಫ್ಯಾನು, ಪಂಪು ಎರಡೂ ಜೋರಾಗುವುದರಿಂದ ಯಾರಿಂದ ಉಪಕಾರವಾಯಿತೆಂದು ತಿಳಿಯುವುದಿಲ್ಲ. ಎದುರಿಗೆ ದೊಡ್ಡ ಫ್ಯಾನನ್ನು ತಿರುಗಿಸುತ್ತಲೇ ಇದೇ ಪರೀಕ್ಷೆ ಮಾಡಿ. ಗಾಳಿ ಆಗಲೇ ಧಾರಾಳವಾಗಿರುವುದರಿಂದ, ಆಗಲೂ ತಾಪಮಾನ ಸ್ಪಷ್ಟವಾಗಿ ಇಳಿದರೆ ಕೊರತೆ ನೀರಿನದು.

ಹಾಗಾದಲ್ಲಿ ಪಂಪನ್ನು ಬಿಚ್ಚಿ. ಪಾಂಟಿಯಾಕ್ ವಿ8 ಇಂಜಿನ್ನುಗಳಲ್ಲಿ ಪಂಪಿಗೂ ಟೈಮಿಂಗ್ ಕವರಿಗೂ ನಡುವೆ ಒಂದು ತಗಡಿನ ಡಿವೈಡರ್ ಪ್ಲೇಟ್ ಇದೆ. ರೇಡಿಯೇಟರಿನಿಂದ ಬರುವ ನೀರನ್ನೂ ಇಂಜಿನ್ನಿಗೆ ತಳ್ಳುವ ನೀರನ್ನೂ ಬೇರ್ಪಡಿಸುವುದು ಅದೇ. ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಈ ಪ್ಲೇಟಿಗೆ ಬಹಳ ಹತ್ತಿರ ತಿರುಗಬೇಕು. ಸಂದು ಹೆಚ್ಚಿದ್ದರೆ ತಳ್ಳಿದ ನೀರು ಇಂಜಿನ್ನಿಗೆ ಹೋಗದೆ ಸಂದಿನಲ್ಲಿ ಹಿಂದಕ್ಕೆ ಜಾರುತ್ತದೆ. ವೇಗದಲ್ಲಿ ಪಂಪಿನ ರಭಸ ಈ ಸೋರಿಕೆಯನ್ನು ಮರೆಸುತ್ತದೆ, ನಿಧಾನದಲ್ಲಿ ಮರೆಸಲಾರದು. ಹೊಸ ಪಂಪು ಹಾಕುವಾಗ ಈ ಸಂದನ್ನು ಅಳೆಯುವವರು ಕಡಿಮೆ. ಪ್ಲೇಟಿನ ಮೇಲೆ ಮಕ್ಕಳಾಡುವ ಜೇಡಿಯನ್ನು ಮೆತ್ತಿ, ಪಂಪನ್ನು ಕೂರಿಸಿ ತೆಗೆದು, ಒತ್ತಿದ ಜೇಡಿಯ ದಪ್ಪವನ್ನು ಅಳೆಯಿರಿ. ಗ್ಯಾಸ್ಕೆಟ್ ಹಾಕಿಯೇ ಅಳೆಯಬೇಕು. ಬಿಡಿಭಾಗ ತರಿಸುವುದಾದರೆ ನೆನಪಿರಲಿ: 1968ರವರೆಗೆ ಎಂಟು ಬೋಲ್ಟಿನ ಪಂಪು, 1969ರಿಂದ ಹನ್ನೊಂದು ಬೋಲ್ಟಿನದು, ಒಂದಕ್ಕೊಂದು ಹೊಂದುವುದಿಲ್ಲ.

ಮರುಭೂಮಿ ಸವಾರ

ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ದೊಡ್ಡ ಫ್ಯಾನಿನ ಎದುರು ನಿಂತೂ 1500 ಸುತ್ತುಗಳಲ್ಲಿ 9 ಡಿಗ್ರಿ ಇಳಿಯಿತು. ಪಂಪು ಬಿಚ್ಚಿದರೆ ಅದರ ಇಂಪೆಲ್ಲರ್ ತಗಡನ್ನು ಒತ್ತಿ ಮಾಡಿದ ಅಗ್ಗದ್ದು, ಮತ್ತು ಜೇಡಿಯ ದಪ್ಪ 4 ಮಿಲಿಮೀಟರಿಗಿಂತಲೂ ಹೆಚ್ಚು! ಎರಕದ ಇಂಪೆಲ್ಲರ್ ಇರುವ ಎಂಟು ಬೋಲ್ಟಿನ ಪಂಪು ತರಿಸಿ, ಪ್ಲೇಟನ್ನು ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ನಾಲ್ಕು ಸಲ ಜೇಡಿ ಮೆತ್ತಿ ನೋಡಿ, ಸಂದನ್ನು 1.5 ಮಿಲಿಮೀಟರಿಗೆ ತಂದೆ.

ನಿನ್ನೆ ಮಧ್ಯಾಹ್ನ 110 ಡಿಗ್ರಿ (43 ಸೆಲ್ಸಿಯಸ್) ಬಿಸಿಲಿನಲ್ಲಿ, ಎ.ಸಿ. ಹಾಕಿಕೊಂಡು, ರಸ್ತೆ ಕಾಮಗಾರಿಯ ಸಾಲಿನಲ್ಲಿ ಇಪ್ಪತ್ತು ನಿಮಿಷ ತೆವಳಿದೆ. ಮುಳ್ಳು 203 (95 ಸೆಲ್ಸಿಯಸ್) ದಾಟಲಿಲ್ಲ. ಹಳೆಯ ರೇಡಿಯೇಟರ್ ಇನ್ನೂ ಗ್ಯಾರೇಜಿನ ಮೂಲೆಯಲ್ಲಿದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮಿಷಿಗನ್ ಹಳಬ

ಅದನ್ನು ಮಾರಬೇಡಿ, ಮೂಲ ತಾಮ್ರ–ಹಿತ್ತಾಳೆಯ ರೇಡಿಯೇಟರ್ ಇದ್ದರೆ ಮುಂದೆ ಕೊಳ್ಳುವವರು ಅದನ್ನೇ ಕೇಳುತ್ತಾರೆ. ಹೊಸ ಪಂಪಿನ ಬೆಲ್ಟನ್ನು ಇನ್ನು ನೂರು ಮೈಲಿ ಓಡಿಸಿದ ಮೇಲೆ ಒಮ್ಮೆ ಬಿಗಿ ಮಾಡಿ. ಆಗ ಬೆಲ್ಟ್ ತೆಗೆದು ಪಂಪನ್ನು ಕೈಯಿಂದ ತಿರುಗಿಸಿ, ಇಂಪೆಲ್ಲರ್ ಪ್ಲೇಟಿಗೆ ತಗುಲುವ ಕರಕರ ಸದ್ದು ಕೇಳುತ್ತದೆಯೇ ಎಂದು ಕಿವಿಗೊಟ್ಟು ಆಲಿಸಿ.